ಅಮಾವಾಸ್ಯೆಗಾಗಿ ಕಾದ ಬೀಗಿತ್ತಿ

ಇಳಕಲ್ ಸೀರೆಯ ಅಂಚಿನ ಕೆಳಗೆ ಮಗಳು ಕೊಡಿಸಿದ ಬಿಳಿಯ ಓಟದ ಬೂಟು, ಬಲಗೈಯಲ್ಲಿ ನಾಯಿಗಳನ್ನು ಬೆದರಿಸಲೆಂದು ಹಿಡಿದ ಲಟ್ಟಣಿಗೆ: ಟೆಕ್ಸಾಸಿನ ಡಾಲಸ್ ಬಳಿಯ ಪ್ರಾಸ್ಪರ್‌ನ ಹೊಸ ಬಡಾವಣೆಯ ನಿರ್ಜನ ಕಾಲುದಾರಿಯಲ್ಲಿ ನನ್ನ ಬೀಗಿತ್ತಿ ಪ್ರತಿದಿನ ಬೆಳಿಗ್ಗೆ ಹೀಗೆ ನಡೆಯುತ್ತಿದ್ದರು. ಆ ಬೀದಿಯ ನಾಯಿಗಳೆಲ್ಲ ಹಗ್ಗದಲ್ಲಿರುತ್ತವೆ ಎಂದು ನಾನು ಹೇಳಿದರೆ, “ಹಗ್ಗ ಯಾರ ಕೈಯಾಗ ಅದ ಅನ್ನೋದ್ ನೋಡ್ರಿ ಬೀಗರ, ಮೂರು ವರ್ಷದ ಕೂಸಿನ ಕೈಯಾಗ!” ಎನ್ನುತ್ತಿದ್ದರು.

ಅವರು ಧಾರವಾಡದವರು, ನನ್ನ ಸೊಸೆಯ ತಾಯಿ. ನಾನು ಮೈಸೂರಿನಲ್ಲಿ ಬಟ್ಟೆ ಅಂಗಡಿ ನಡೆಸಿದವನು. ಶಾಲೆ ಅರ್ಧಕ್ಕೇ ನಿಂತಿತು. ಮಿಕ್ಕದ್ದನ್ನು ಸಾರ್ವಜನಿಕ ವಾಚನಾಲಯದಲ್ಲಿ ಓದಿಕೊಂಡೆ. ಸಂಗಾತಿಗಳನ್ನು ಕಳೆದುಕೊಂಡ ನಾವಿಬ್ಬರೂ ಒಂದೇ ಮನೆಯಲ್ಲಿ, ನನ್ನ ಮಗ ಮತ್ತು ಅವರ ಮಗಳ ಆಶ್ರಯದಲ್ಲಿ ಇರಬೇಕಾಗಿ ಬಂದಾಗ, ಬೀಗರ ಮರ್ಯಾದೆ ಎಂಬ ಹಳೆಯ ಶಿಷ್ಟಾಚಾರವೇ ನಮ್ಮ ನಡುವಿನ ಗೋಡೆಯೂ ಆಯಿತು, ಕಿಟಕಿಯೂ ಆಯಿತು. ಹೆಣ್ಣಿನ ಕಡೆಯವರು ಎಂಬ ಕಾರಣಕ್ಕೆ, ನಾನು ಕುಳಿತುಕೊಳ್ಳುವವರೆಗೆ ಅವರು ಎಂದೂ ಕುಳಿತವರಲ್ಲ.

ಅವರಿಗಿದ್ದ ಆಸೆ ಒಂದೇ: ಸಮುದ್ರ ಸ್ನಾನ. ಹಾಗೆಂದು ಯಾವ ದಿನವಾದರೂ ಇಳಿದುಬಿಡುವಂತಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಂಥ ಪರ್ವದಿನಗಳ ಹೊರತು ಸಮುದ್ರವನ್ನು ಮುಟ್ಟಕೂಡದೆಂಬ ಕಟ್ಟಳೆ ಅವರ ಮನೆತನದಲ್ಲಿ ಬಿಗಿಯಾಗಿತ್ತು. ಮದುವೆಯ ಹೊಸತರಲ್ಲಿ ಗೋಕರ್ಣಕ್ಕೆ ಹೋದಾಗ ಪರ್ವವೇನೋ ಕೂಡಿಬಂದಿತ್ತು. ಆದರೆ ಇವರು ಮುಟ್ಟಾಗಿ ದಂಡೆಯ ಮೇಲೆ ದೂರ ಕುಳಿತರು, ಗಂಡ ಒಬ್ಬರೇ ಮುಳುಗಿ ಬಂದರು. “ಮುಂದಿನ ಸರ್ತಿ ಕೂಡೇ ಮುಳುಗೋಣು” ಎಂದಿದ್ದರಂತೆ. ಆ ಮುಂದಿನ ಸರ್ತಿ ಬರುವ ಮೊದಲೇ ಗಂಡ ತೀರಿಕೊಂಡರು. ಸೊಸೆ ಇದನ್ನು ನನಗೆ ಹೇಳಿದ್ದು ಬಹಳ ತಡವಾಗಿ. ಟೆಕ್ಸಾಸಿಗೆ ಬಂದ ಮೇಲೆ ಗ್ಯಾಲ್ವೆಸ್ಟನ್ ಕಡಲು ಕಾರಿನ ದೂರದಲ್ಲೇ ಇತ್ತು. ಆದರೆ ಅಮಾವಾಸ್ಯೆ ಮತ್ತು ಮಗ-ಸೊಸೆಯರ ರಜೆ ಒಂದೇ ದಿನ ಬರಲಿಲ್ಲ.

ಮಗ ತನ್ನ ಮದುವೆಯ ವಾರ್ಷಿಕೋತ್ಸವಕ್ಕೆಂದು ಫ್ರಾನ್ಸಿನ ದಕ್ಷಿಣ ಕರಾವಳಿಯ ಪುರಾತನ ಹೋಟೆಲೊಂದರಲ್ಲಿ ಕೋಣೆ ಕಾದಿರಿಸಿ, ಮೊಮ್ಮಗಳೊಂದಿಗೆ ನಮ್ಮನ್ನೂ ಹೊರಡಿಸಿದ. ದಿನಗಳನ್ನು ಗೊತ್ತುಮಾಡಿದ್ದು ಮಾತ್ರ ಬೀಗಿತ್ತಿ. ಅಡುಗೆಮನೆಯಲ್ಲಿ ತೂಗುಹಾಕಿದ್ದ ದೇವಸ್ಥಾನದ ಕ್ಯಾಲೆಂಡರಿನ ಮುಂದೆ ನಿಂತು, ಅಮಾವಾಸ್ಯೆ ಒಳಗೆ ಬರುವಂತೆ ನೋಡಿ ಹೇಳಿದ್ದರು.

ಆ ಹೋಟೆಲಿನ ಅಮೃತಶಿಲೆಯ ಮೆಟ್ಟಿಲು, ಕಡಲಿಗೆ ತೆರೆದ ಉದ್ದನೆಯ ಜಗುಲಿ ನಿಜಕ್ಕೂ ಭವ್ಯವಾಗಿದ್ದವು. ಚರಿತ್ರೆಯನ್ನು ವಿವರಿಸಲೆಂದೇ ಒಬ್ಬ ಸೂಟುಧಾರಿ ಇದ್ದ. ಒಂದು ಮಲಗುವ ಕೋಣೆಗೆ ನಮ್ಮನ್ನು ಕರೆದೊಯ್ದು, ಒಬ್ಬ ರಾಣಿ ಪ್ರತಿ ಸಂಜೆ ಇದೇ ಕಿಟಕಿಯಲ್ಲಿ ನಿಂತು ಸೂರ್ಯಾಸ್ತ ನೋಡುತ್ತಿದ್ದಳೆಂದು ಅವನು ಹೇಳಿದ. ಕಿಟಕಿ ಇದ್ದದ್ದು ಪೂರ್ವಕ್ಕೆ. ನಾನು ಅದನ್ನು ತೋರಿಸಿಕೊಟ್ಟೆ. ಮಗ ನನ್ನ ತೋಳು ಜಗ್ಗಿದ. ಬೀಗಿತ್ತಿ ಹಾಸಿಗೆಯನ್ನು ಒತ್ತಿ ನೋಡಿ, “ದಿಕ್ಕಿನ ಮಾತು ಬಿಡ್ರಿ ಬೀಗರ. ಇಷ್ಟು ಮೆತ್ತನ್ ಗಾದಿ ಬಿಟ್ಟು ಅಕೀ ಎದ್ದು ಕಿಟಕೀಗೆ ಯಾಕ ಬರತಿದ್ಲು?” ಎಂದರು. ನನ್ನ ಆಕ್ಷೇಪಣೆಗಿಂತ ಅವರದೇ ಗಟ್ಟಿಯಾಗಿತ್ತು.

ಊಟದ ಮನೆಯಲ್ಲಿ ಇಬ್ಬರು ಪರಿಚಾರಕರು ನಮ್ಮ ಕುರ್ಚಿಗಳನ್ನು ಹಿಂದಕ್ಕೆಳೆದು ನಿಂತರು. ಬೀಗರು ಕೂರದೆ ತಾವು ಕೂರುವುದಿಲ್ಲವೆಂದು ಬೀಗಿತ್ತಿ. ಹೆಂಗಸು ನಿಂತಿರುವಾಗ ಕೂರುವುದು ಆ ನಾಡಿನಲ್ಲಿ ಅಸಭ್ಯವೆಂದು ಓದಿದ್ದ ನಾನು.

“ಕೂತ್ಕೊಳ್ಳಿ ಬೀಗಿತ್ತಿಯವರೇ, ಎಲ್ಲರೂ ನೋಡ್ತಿದ್ದಾರೆ.”

“ನೋಡಲ್ರಿ. ನೀವು ಕೂಡ್ರಿ ಮೊದ್ಲ.”

ಕುರ್ಚಿ ಹಿಡಿದವರ ಮುಖದಲ್ಲಿ ಬೆವರೊಡೆಯಿತು. ಕಡೆಗೆ ಮೊಮ್ಮಗಳು “ಒನ್, ಟೂ, ತ್ರೀ, ಸಿಟ್!” ಎಂದು ಎಣಿಸಿದಳು; ಇಬ್ಬರೂ ಒಟ್ಟಿಗೆ ಕುಳಿತೆವು. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಬೀಗಿತ್ತಿ ಏನೂ ನಡೆಯದವರಂತೆ ಚೀಲದಿಂದ ಶೇಂಗಾ ಚಟ್ನಿಪುಡಿ ತೆಗೆದು ಬ್ರೆಡ್ಡಿನ ಮೇಲೆ ಉದುರಿಸಿಕೊಂಡರು.

ಕ್ಯಾಲೆಂಡರಿನ ಅಮಾವಾಸ್ಯೆ ನಮ್ಮ ವಾಸದ ಕೊನೆಯ ದಿನಕ್ಕೆ ಬಂದಿತ್ತು. ಅಂದು ಬೆಳಿಗ್ಗೆ ಅವರು ಒಣಸೀರೆ, ಸಮುದ್ರಕ್ಕೆ ಬಿಡುವ ಅರಿಶಿನ ಗಂಟು ಕಟ್ಟಿಕೊಂಡು ಜಗುಲಿಗೆ ಬಂದರು. ಕಡಲು ಹಾಸಿದಂತೆ ಶಾಂತವಾಗಿತ್ತು.

“ಬೀಗರ, ಕ್ಯಾಲೆಂಡರ್ ಬರೋಬ್ಬರಿ ಅದ ಹೌದಿಲ್ರಿ? ನೀವು ನೋಡದ ಬಿಟ್ಟಿರಂಗಿಲ್ಲ.”

ನಾನು ನೋಡಿದ್ದೆ. “ಡಾಲಸ್‌ಗೆ ಸರಿಯಾಗಿದೆ,” ಎಂದೆ.

“ಅಂದ್ರ?”

“ಆ ಕ್ಯಾಲೆಂಡರು ಅಲ್ಲಿಯ ಸೂರ್ಯೋದಯಕ್ಕೆ ಲೆಕ್ಕ ಹಾಕಿದ್ದು. ಇಲ್ಲಿ ಸೂರ್ಯ ಅದಕ್ಕಿಂತ ಬಹಳ ಮೊದಲೇ ಹುಟ್ಟುತ್ತಾನೆ. ಸೂರ್ಯ ಹುಟ್ಟುವಾಗ ಇದ್ದ ತಿಥಿಯೇ ದಿನದ ತಿಥಿ ತಾನೇ? ಇವತ್ತು ಇಲ್ಲಿ ಆಗ ಇನ್ನೂ ಚತುರ್ದಶಿ. ಇಲ್ಲಿಗೆ ಅಮಾವಾಸ್ಯೆ ನಾಳೆ.”

ಮರುದಿನ ಕತ್ತಲಿರುವಾಗಲೇ ನಮ್ಮ ವಿಮಾನ. ಸೊಸೆ ನನ್ನನ್ನೊಮ್ಮೆ ನೋಡಿ, “ಅವ್ವಾ, ಸುಮ್ನ ಹೋಗಿ ಮುಳುಗಿ ಬಾ. ಇಲ್ಲಿ ಯಾರ್ ನೋಡತಾರ?” ಎಂದಳು.

“ಸಮುದ್ರ ನೋಡತದಲ್ಲ.”

ಈ ಕಟ್ಟಳೆಯನ್ನು ಬರೆದವರು ಬಹುಶಃ ಈಜು ಬಾರದವರೆಂದು ನಾನು ವಾದಿಸಿದೆ. ನನಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ, ದಯವಿಟ್ಟು ಇಳಿಯಿರಿ ಎಂದೆ. ಅವರು ನಕ್ಕರು.

“ನೀವು ನಂಬಂಗಿಲ್ಲ, ಅದಕ್ಕ ನಿಮ್ಮನ್ನ ಕೇಳಿದೆ. ನಂಬೋರನ್ನ ಕೇಳಿದ್ರ, ನನ್ನ ಮಾರಿ ನೋಡಿ ಹೂಂ ಅಂದುಬಿಡತಿದ್ರು.”

ಅಷ್ಟು ಹೇಳಿ ದಂಡೆಯ ಬೆಣಚುಕಲ್ಲುಗಳ ಮೇಲೆ ಹೋಗಿ ಕುಳಿತರು. ಅಲೆ ಹತ್ತಿರ ಬಂದಾಗಲೆಲ್ಲ ಪಾದಗಳನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಅರಮನೆಯಂಥ ಆ ಹೋಟೆಲಿನಲ್ಲಿ ನಾನು ಕಂಡ ದೃಶ್ಯಗಳಲ್ಲಿ ಉಳಿದದ್ದು ಅದೊಂದೇ.

ಕೇಳಿದವರಿಗೆ ನಿಜ ಹೇಳಿದ್ದು ತಪ್ಪೆಂದು ನಾನು ಇಂದಿಗೂ ಒಪ್ಪುವುದಿಲ್ಲ. ಅಷ್ಟು ನಂಬಿಕೆಯಿಂದ ನನ್ನನ್ನು ಮತ್ತಾರೂ ಏನನ್ನೂ ಕೇಳಿಲ್ಲ. ಆದರೂ ತಿಥಿಯ ಲೆಕ್ಕ ಅವರ ಪರವಾಗಿ ಬಂದಿದ್ದರೆ ಎಂದು ಹಲುಬದ ದಿನವಿಲ್ಲ.

ಮಹಾಲಯ ಅಮಾವಾಸ್ಯೆಗೆ ಗ್ಯಾಲ್ವೆಸ್ಟನ್‌ಗೆ ಹೋಗುವುದೆಂದು ಮಗ ರಜೆ ಹಾಕಿದ. ಅದಕ್ಕೆ ಮುಂಚೆಯೇ ಬೀಗಿತ್ತಿಗೆ ಹೊಟ್ಟೆಯ ಕಾಯಿಲೆ ಬಲಿತು, ಹೂಸ್ಟನ್ನಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೋದಾಗಲೆಲ್ಲ ಮಲಗಿದಲ್ಲಿಂದಲೇ ಕುರ್ಚಿ ತೋರಿಸಿ, “ಕೂಡ್ರಿ, ಕೂಡ್ರಿ” ಎನ್ನುತ್ತಿದ್ದರು. ಒಂದು ದಿನ ಆ ಕೈ ಏಳಲಿಲ್ಲ.

ಚಿತಾಭಸ್ಮವನ್ನು ಗ್ಯಾಲ್ವೆಸ್ಟನ್ನಿನ ಕಡಲಿನಲ್ಲಿ ಬಿಡುವುದೆಂದಾಯಿತು. ದಿನ ಯಾವುದಿರಬೇಕೆಂದು ಪುರೋಹಿತರನ್ನು ವಿಚಾರಿಸಿದಾಗ, “ಇದಕ್ಕೆ ಪರ್ವ ನೋಡಬೇಕಾಗಿಲ್ಲ ಅಂಕಲ್, ಯಾವತ್ತಾದರೂ ಆದೀತು” ಎಂದರು.

ಯಾವ ಗ್ರಂಥದಲ್ಲಿ ಹಾಗಿದೆ ಎಂದು ನಾನು ಕೇಳಲಿಲ್ಲ.