ಸ್ಕ್ಯಾನ್ ಆಗದ ಸೀರೆ

ಅವ್ವ ಇಪ್ಪತ್ತು ದಿನ ಮಗ್ಗದ ಮುಂದೆ ಕೂತು ನೇಯ್ದ ರೇಷ್ಮೆ ಸೀರೆಯನ್ನು ಯಳಂದೂರಿನ ಆ ಮನೆಯಲ್ಲಿ ಬಿಚ್ಚಿಯೂ ನೋಡಲಿಲ್ಲ. ಮಗಳ ಮದುವೆಗೆಂದು ಹೇಳಿ ನೇಯಿಸಿದ್ದ ಮೇಡಂ, ಸೀರೆಗೆ ಕಟ್ಟಿದ್ದ ಚೀಟಿಯ ಮೇಲೆ ಫೋನ್ ಹಿಡಿದು ಕೂತರು. ಸೀರೆ ಕೈಮಗ್ಗದ್ದು ಹೌದೋ ಅಲ್ಲವೋ ಎಂದು ತೋರಿಸುವ ಕ್ಯೂಆರ್ ಕೋಡ್ ಅದರಲ್ಲಿತ್ತು. ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿ ಬಳಿಗೂ ಹೋದರು. ತೆರೆಯಲಿಲ್ಲ.

"ಪವರ್‌ಲೂಮ್‌ದು ಇರ್ಬೇಕು. ಈಗೆಲ್ಲಾ ಇಂಗೇ ಮೋಸ ಮಾಡ್ತಾರೆ," ಎಂದರು.

"ನನ್ ಕೈಯಾರೆ ನೇಯ್ದಿವ್ನಿ ಕಣವ್ವಾ," ಎಂದಳು ಅವ್ವ.

"ಸ್ಕ್ಯಾನ್ ಆಗೋ ಚೀಟಿ ತಕಂಡ್ ಬನ್ನಿ, ಆಮೇಲ್ ನೋಡಾನ."

ಕೊಳ್ಳೇಗಾಲಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಸೀರೆಯನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ನನಗೋ ಮೈಯೆಲ್ಲ ಉರಿ. ಇಳಿದವಳೇ ಚೀಟಿ ಕೊಟ್ಟಿದ್ದ ನೇಕಾರರ ಸಂಘಕ್ಕೆ ಹೋಗಿ ಜಗಳ ತೆಗೆದೆ. ಬಿಳಿ ಕಾಗದದ ಮೇಲೆ ಚಿನ್ನದ ಬಣ್ಣದ ಪುಟ್ಟ ಕೋಡ್, ಅದರ ಮೇಲೆ ಫಳಫಳ ಹೊಳೆಯುವ ಪ್ಲಾಸ್ಟಿಕ್! ಫೋನಿಗೆ ಅದು ಕಾಣುವುದಾದರೂ ಹೇಗೆ?

"ರೇಷ್ಮೆಗೆ ಒಪ್ಲಿ ಅಂತ ಮಾಡ್ಸಿದ್ದು ಕಣಮ್ಮ," ಎಂದರು ಗುಮಾಸ್ತರು.

ಒಪ್ಪಬೇಕಂತೆ! ನೀವು ಒಮ್ಮೆಯಾದರೂ ಸ್ಕ್ಯಾನ್ ಮಾಡಿ ನೋಡಿದ್ದೀರಾ ಎಂದು ಕೇಳಿದೆ. ನೋಡಿರಲಿಲ್ಲ. ಆದರೆ ಚೀಟಿಯನ್ನು ತಿರುಗಿಸಿ ನೋಡಿ ಅವರೂ ದನಿ ಏರಿಸಿದರು.

"ಸುತ್ತ ಬಿಳಿ ಜಾಗ ಇತ್ತಲ್ಲ, ಯಾರ್ ಕತ್ತರ್ಸಿದ್ದು? ಅದಿಲ್ದಿದ್ರೆ ಕೋಡ್ ಎಲ್ಲಿಂದ ಶುರು ಅಂತ ಫೋನಿಗೆ ಗೊತ್ತಾಗಲ್ಲ."

ಕತ್ತರಿಸಿದವಳು ನಾನೇ. ಸೀರೆಯ ಮೇಲೆ ಉಳಿದ ಎಳೆಗಳನ್ನು ತೆಗೆಯುವ ಕತ್ತರಿಯಲ್ಲೇ ಚೀಟಿಯನ್ನೂ ಚೊಕ್ಕ ಮಾಡಿ, ಕೆಂಪು ರಟ್ಟಿಗೆ ಅಂಟಿಸಿದ್ದೆ. ನೇಕಾರರ ಮನೆಯಲ್ಲಿ ಹುಟ್ಟಿದವರಿಗೆ ಏನಾದರೂ ಮಿಕ್ಕಿದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ. ನನ್ನ ಮೇಲೂ ಸಿಟ್ಟು ಬಂತು, ಹಾಗೆಂದು ಅವರ ಮೇಲಿನದು ಇಳಿಯಲಿಲ್ಲ. ಕತ್ತರಿಸಬಾರದು ಎಂದು ಒಂದು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಅಲ್ಲೇ ಪಟ್ಟು ಹಿಡಿದು ನಿಂತು ಬೇರೆ ಮಾಡಿಸಿದೆ. ಹೊಳಪಿಲ್ಲದ ಬಿಳಿ ರಟ್ಟು, ಅಚ್ಚ ಕಪ್ಪು ಕೋಡ್, ಬೆಂಕಿಪೊಟ್ಟಣದಷ್ಟು ಅಗಲ, ಸುತ್ತ ಖಾಲಿ ಜಾಗ. ಮೂರು ಫೋನುಗಳಲ್ಲಿ ಹಿಡಿದು ನೋಡಿ, ಮೂರರಲ್ಲೂ ತೆರೆದ ಮೇಲೆಯೇ ಮನೆಗೆ ತಂದೆ.

ಮಾರನೆಯ ದಿನ ಮತ್ತೆ ಯಳಂದೂರಿಗೆ ಹೋದೆವು. ಮೇಡಂ ಫೋನ್ ಹಿಡಿದ ಕೂಡಲೇ ಕೋಡ್ ತೆರೆದು, ಸೀರೆಯ ವಿವರದ ಜೊತೆಗೆ ನೇಯ್ದವಳೆಂದು ಅವ್ವನ ಫೋಟೋ ಬಂತು. ಅವರು ಫೋನನ್ನು ಅವ್ವನ ಮುಖದ ಪಕ್ಕದಲ್ಲಿ ಹಿಡಿದು ಅದನ್ನೊಮ್ಮೆ, ಇವಳನ್ನೊಮ್ಮೆ ನೋಡಿದರು. ಅವ್ವ ಸೆರಗು ಸರಿಮಾಡಿಕೊಂಡು ಅಲುಗಾಡದೆ ನಿಂತಿದ್ದಳು.

"ಊಂ, ನೀವೇಯ," ಎಂದರು ಮೇಡಂ.

"ನೆನ್ನೆ ಬಂದಿದ್ದೂ ನಾನೇ ಕಣವ್ವಾ," ಎಂದಳು ಅವ್ವ.