ಕಡೆಯ ನುಡಿ ಸಾವಕಾಶ

ಶೇಂಗಾ ಹುರಿಯುವಾಗ ಒಲೆ ಬಿಟ್ಟು ಏಳಬಾರದು ಎಂಬುದು ನಮ್ಮ ಮನೆಯಲ್ಲಿ ನಾನೇ ಮಾಡಿದ ಕಾನೂನು. ಹೋದ ಭಾನುವಾರ ಅದನ್ನು ನಾನೇ ಮುರಿದೆ. ಪಡಸಾಲೆಯಲ್ಲಿ ಮಗಳು ಸುಧಾ ಮೊಬೈಲಿನಲ್ಲಿ ಹಾಡು ಹಚ್ಚಿದ್ದಳು. ಎರಡು ಸಾಲು ಕಿವಿಗೆ ಬೀಳುವಷ್ಟರಲ್ಲಿ ನಾನು ಸೌಟು ಹಿಡಿದುಕೊಂಡೇ ಹೋಗಿ ಅವಳ ಬೆನ್ನ ಹಿಂದೆ ನಿಂತಿದ್ದೆ. ಸೀದ ವಾಸನೆ ಬಂದಾಗಲೇ ಒಲೆಯ ನೆನಪು. ರೊಟ್ಟಿಗೆ ಹಚ್ಚಿಕೊಳ್ಳುವ ಆ ವಾರದ ಶೇಂಗಾ ಹಿಂಡಿ ಕಹಿಯಾಯಿತು. ಎಲ್ಲರೂ ಅದನ್ನು ತಟ್ಟೆಯ ಅಂಚಿಗೆ ಸರಿಸಿದರು.

"ಯವ್ವಾ, ಇದು ಹೊಸಾ ಕವರ್. ನಿನ್ನೆ ಅಷ್ಟ ಹಾಕ್ಯಾರ" ಎಂದಳು ಸುಧಾ. ನನಗೆ ಕವರ್ ಎಂದರೆ ದಿಂಬಿನದು. ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡಿದರೆ ಅದಕ್ಕೂ ಹಾಗೇ ಅನ್ನುತ್ತಾರೆಂದು ಈಗೊಂದು ವರ್ಷದಿಂದ ಕಲಿತಿದ್ದೇನೆ. ದಿಂಬು ಅದೇ, ಅರಿವೆ ಬೇರೆ ಎಂದುಕೊಂಡರೆ ತಪ್ಪೇನಿಲ್ಲ.

ದಿಂಬು ನಮ್ಮ ಮನೆಯದು. ಅದು ಯಾವ ಸಿನಿಮಾದ ಹಾಡೂ ಅಲ್ಲ, ಯಾವ ಕಂಪನಿ ತೆಗೆದದ್ದೂ ಅಲ್ಲ. ನಮ್ಮ ಮನೆಯವರು ಸುರಪುರದಲ್ಲಿದ್ದಾಗ ತಾವೇ ಬರೆದು, ಗಿಟಾರು ಹಿಡಿದು ಹಾಡಿದ್ದು. ಹೈದರಾಬಾದಿನಿಂದ ತಂದ ರಾಕ್ ಕ್ಯಾಸೆಟ್ಟುಗಳನ್ನು ಕೇಳಿ ಕೇಳಿ ಹುಚ್ಚು ಹಿಡಿದಿತ್ತು. ಡ್ರಮ್ಮು ಎಲ್ಲಿಂದ ತರಬೇಕು? ಗೆಳೆಯ ಮೌನೇಶ ಭಜನೆಯ ಢೋಲಕ್ಕನ್ನೇ ಡ್ರಮ್ಮೆಂದು ತಿಳಿದು ಬಡಿಯುತ್ತಿದ್ದ. ಇಬ್ಬರದೇ ತಂಡ. ಹೆಸರಿಡುವ ಮೊದಲೇ ಮುರಿಯಿತು. ಮೌನೇಶನಿಗೆ ನೌಕರಿ ಸಿಕ್ಕಿ ದೂರ ಹೋದ. ಇವರು ಶಹಾಪುರಕ್ಕೆ ಬಂದು ಮೋಟಾರು ರಿಪೇರಿ ಅಂಗಡಿ ತೆಗೆದರು. ಸುಟ್ಟ ಪಂಪುಗಳಿಗೆ ತಾಮ್ರದ ತಂತಿ ಸುತ್ತುತ್ತಾ ಕೂತವರು ಗಿಟಾರಿನ ತಂತಿ ಮುಟ್ಟಲಿಲ್ಲ. ಆದರೆ ಅವರು ಹಾಡು ತುಂಬಿಸಿದ್ದ ಕ್ಯಾಸೆಟ್ಟೊಂದು ಯಾರದೋ ಪೆಟ್ಟಿಗೆಯಲ್ಲಿ ಉಳಿದು, ಆ ಪೆಟ್ಟಿಗೆಯವರ ಮಗ ಅದನ್ನು ಮೊಬೈಲಿಗೆ ಏರಿಸಿ, ಹಾಡು ಈಗ ಊರೂರಿನ ಹುಡುಗರ ಬಾಯಲ್ಲಿದೆ.

ಹಾಡಿನಲ್ಲಿ ಹೆಚ್ಚೇನೂ ಇಲ್ಲ. ಒಬ್ಬ ಸುರಪುರದ ಹತ್ತಿರ ಹಕ್ಕಿಗಳು ಬಂದಿಳಿಯುವ ಬೋನಾಳ ಕೆರೆಯ ದಂಡೆಗೆ ಹೋಗುತ್ತಾನೆ, ಒಬ್ಬಳಿಗಾಗಿ ಕಾಯುತ್ತಾನೆ. ಕಡೆಯ ನುಡಿ ಇಷ್ಟೇ:

ಕೆರಿ ದಂಡಿಗಿ ಬಂದು ಕುಂತೀನಿ
ನಿನ್ನ ಹೆಸರ ಕೂಗಿಲ್ಲ ನಾ
ಕೂಗಿದರ ಹಕ್ಕಿ ಎದ್ದಾವಂತ

ಸುಧಾ ಹುಡುಕಿ ಕೊಟ್ಟ ಕವರುಗಳನ್ನೆಲ್ಲ ನಾನು ರೊಟ್ಟಿ ಬಡಿಯುತ್ತಾ ಕೇಳಿದ್ದೇನೆ. ಕಲಬುರಗಿಯ ನಾಲ್ಕು ಹುಡುಗರದು ಬಲು ಜೋರು. ಹಂಚು ಕಾಯುವ ಮೊದಲೇ ರೊಟ್ಟಿ ಹಾಕಿದ ಹಾಗೆ, ಸಪ್ಪಳ ಬಹಳ, ಒಳಗೆ ಹಸಿ. ಬೆಂಗಳೂರಿನವರೊಬ್ಬರು 'ಕೆರಿ ದಂಡಿ'ಯನ್ನು 'ಕೆರೆಯ ದಡ' ಮಾಡಿದ್ದಾರೆ. ಅದರಲ್ಲಿ ಕೂತವನ ಅಂಗಿಗೆ ಕೆಸರೇ ಹತ್ತುವುದಿಲ್ಲ. ಭಾನುವಾರದ ಹುಡುಗಿಯದು ಮಾತ್ರ ಮನಸ್ಸಿಗೆ ಬಂತು. ಅವಳ ಹಿಂದೆ ಹಗ್ಗದ ಮೇಲೆ ಒಗೆದ ಬಟ್ಟೆ ಕಾಣುತ್ತಿತ್ತು. 'ಕೂಗಿಲ್ಲ' ಎನ್ನುವಲ್ಲಿ ದನಿಯನ್ನು ಒಂದು ಸಲ ತೂಗಿ ಇಳಿಸುತ್ತಾಳೆ. ಅದು ಮೂಲದಲ್ಲಿಲ್ಲ, ಆದರೂ ಚಂದ.

ಆದರೆ ಅವಳೂ ಕಡೆಯ ನುಡಿಗೆ ಬಂದಾಗ ಎಲ್ಲರ ಹಾಗೇ ಲಯ ಏರಿಸಿ ಓಡಿದಳು. ಎಲ್ಲರೂ ಅಲ್ಲಿ ಓಡುತ್ತಾರೆ. ಹಕ್ಕಿ ಏಳಬಾರದೆಂದು ಉಸಿರು ಹಿಡಿದು ಕೂತವನ ಮಾತನ್ನು, ಬೋನಾಳದ ಹಕ್ಕಿಗಳೆಲ್ಲ ಎದ್ದು ಕೃಷ್ಣೆ ದಾಟಿ ಹೋಗುವ ಹಾಗೆ ಕೂಗುತ್ತಾರೆ. ಒಂದು ಸಲ ಮಾತ್ರ ಅದನ್ನು ತುಸು ನಿಧಾನವಾಗಿ ಕೇಳಿದ್ದೆ, ಸುರಪುರದ ಮದುವೆಯೊಂದರ ಬ್ಯಾಂಡಿನವರಿಂದ. ಮದುಮಗನ ಕುದುರೆ ಮುಂದೆ ಹೆಜ್ಜೆ ಇಡಲು ಒಪ್ಪಿರಲಿಲ್ಲ, ಊದುವವನಿಗೂ ವಯಸ್ಸಾಗಿತ್ತು. ನಾನು ಅಕ್ಕಿಕಾಳು ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದೆ. ಅಷ್ಟರಲ್ಲಿ ಕುದುರೆ ನಡೆಯಿತು, ಬ್ಯಾಂಡೂ ಓಡಿತು.

"ಅಲ್ಲಿ ಯಾಕ ಓಡ್ತಾರ?" ಎಂದು ಸುಧಾಳನ್ನು ಕೇಳಿದೆ.

"ಯವ್ವಾ, ಅದ ಅದರ ಜೀವ. ಜನ ಅಲ್ಲೇ ಚಪ್ಪಾಳಿ ಹೊಡಿತಾರ. ಅಪ್ಪ ಆಗಿನ ಕಾಲಕ್ಕ ಹೆಂಗ ವಿಚಾರ ಮಾಡ್ಯಾನ ನೋಡು."

ಅಪ್ಪ ಏನೂ ವಿಚಾರ ಮಾಡಿರಲಿಲ್ಲ. ನಾನು ಅಲ್ಲೇ ಇದ್ದೆ, ನಿಮಗೆ ಹೇಳುತ್ತೇನೆ. ಯಾದಗಿರಿಯಲ್ಲಿ ರೈಲು ಹಳಿಯ ಪಕ್ಕ ಒಬ್ಬರು ಒಂದು ಕೋಣೆಯಲ್ಲಿ ಭಜನೆ ಪದಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದರು. ಕಿಟಕಿಗೆ ಗಾದಿ ಕಟ್ಟಿದ್ದರೂ ಗಾಡಿ ಬಂದರೆ ಗೋಡೆಯೇ ನಡುಗುತ್ತಿತ್ತು. ನಾನು ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದೆ. ಮೂರು ಸಲ ಹಾಡಿದರು, ಮೂರು ಸಲವೂ ಕಡೆಯ ನುಡಿಗೆ ಸರಿಯಾಗಿ ಗಾಡಿ. ನಾಲ್ಕನೆಯ ಸಲಕ್ಕೆ ಆ ಯಜಮಾನರು, "ಏ ತಮ್ಮಾ, ಜರಾ ಜಲ್ದಿ ಮುಗಸು. ಮದ್ರಾಸ್ ಗಾಡಿ ಟೈಮ್ ಆತು. ಇನ್ನೊಂದು ಕ್ಯಾಸೆಟ್ ಹಾಳಾದ್ರ ಎದ್ದು ಹೋಗ್ರಿ" ಎಂದರು. ಇವರು ಓಡಿದರು. ಮೌನೇಶ ಹಿಂದೆ ಬಿದ್ದು ಬಡಿದ. ಕಡೆಯ ಅಕ್ಷರ ಮುಗಿಯುವುದಕ್ಕೂ ದೂರದಲ್ಲಿ ಸೀಟಿ ಕೇಳುವುದಕ್ಕೂ ಸರಿಹೋಯಿತು. ಅದನ್ನೇ ಈಗ ಎಲ್ಲರೂ ಮೂಲವೆಂದು ಕಲಿಯುತ್ತಾರೆ.

ಅದಕ್ಕೂ ಮೊದಲಿನದನ್ನು ಕೂತು ಕೇಳಿದವಳು ನಾನೊಬ್ಬಳೇ. ಮದುವೆಯಾದ ಹೊಸತು, ಸುರಪುರದ ಬಾಡಿಗೆ ಮನೆ, ಇಳಿಬಿಸಿಲಿನ ಅಂಗಳ. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಇವರು ಕಟ್ಟೆಯ ಮೇಲೆ ಕೂತು ಹಾಡುತ್ತಿದ್ದರು. 'ಹೆಸರ ಕೂಗಿಲ್ಲ ನಾ' ಎಂದು ನಿಲ್ಲಿಸಿದರೆ, ಮುಂದಿನ ಸಾಲು ಬರುವುದರೊಳಗೆ ನಾನು ಒಂದು ಹಿಡಿ ಜೋಳದ ಹರಳು ಆರಿಸಿ ಮುಗಿಸುತ್ತಿದ್ದೆ. ಅಷ್ಟು ಬಿಡುವು. ಆ ಬಿಡುವಿನಲ್ಲಿ ಅವರು ನನ್ನ ಕಡೆ ನೋಡುತ್ತಿರಲಿಲ್ಲ, ನಾನೂ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲಿ ಏನು ಏಳುವುದೋ ಎಂಬ ಹಾಗೆ ಇಬ್ಬರೂ ಸುಮ್ಮನಿರುತ್ತಿದ್ದೆವು.

ಯಾದಗಿರಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದರು, "ಹೆಂಗಾತು?"

"ಛಲೋ ಆತ್ರಿ" ಎಂದೆ.

ಅಷ್ಟೇ ನಾನು ಮಾಡಿದ ತಪ್ಪು. ಕಡೆಯದು ಕೆಟ್ಟಿತು, ಇನ್ನೊಂದು ದಿನ ಬಂದು ಸಾವಕಾಶ ಹಾಡಿರಿ ಎನ್ನಬಹುದಿತ್ತು. ಹೊಸ ಹೆಂಡತಿ, ಅವರ ಮುಖದ ಮೇಲೆ ಬೆವರು, ಖುಷಿ. ಹೇಗೆ ಅನ್ನಲಿ? ಆಮೇಲೆ ಮನೆಯಲ್ಲೂ ಓಡಿಸಿಯೇ ಹಾಡತೊಡಗಿದರು. ಆಮೇಲೆ ಹಾಡುವುದೂ ನಿಂತಿತು. ಈ ಒಂದು ವರ್ಷ ನಾನು ಕವರುಗಳನ್ನು ಒಂದಕ್ಕೊಂದು ತೂಗಿ ನೋಡುತ್ತಿರುವುದು ನನಗೆ ಸಂಗೀತ ಗೊತ್ತೆಂದಲ್ಲ. ಇಷ್ಟು ಜನರಲ್ಲಿ ಯಾರಾದರೊಬ್ಬರು ತಪ್ಪಿಯಾದರೂ ಅಲ್ಲಿ ನಿಂತಾರೆಯೇ ಎಂದು.

ಮೊನ್ನೆ ಬುಧವಾರ ಮಧ್ಯಾಹ್ನ ಕರೆಂಟು ಹೋಗಿ, ಅಂಗಡಿಯಲ್ಲಿ ಕೆಲಸ ನಿಂತು, ಇವರು ಊಟಕ್ಕೆ ಬೇಗ ಬಂದರು. ಫ್ಯಾನಿನ ಸಪ್ಪಳವಿಲ್ಲದೆ ಮನೆ ದೊಡ್ಡದಾದ ಹಾಗಿತ್ತು. ಮಜ್ಜಿಗೆ ಬಡಿಸುತ್ತಾ, ನನಗೇ ಆಶ್ಚರ್ಯವಾಗುವಂತೆ ಕೇಳಿಬಿಟ್ಟೆ.

"ಆ ಹಾಡು ಒಮ್ಮೆ ಹಾಡ್ರಿ."

"ಯಾಕ, ಮೊಬೈಲ್ ಚಾರ್ಜ್ ಮುಗೀತೇನು?"

"ಮೊಬೈಲಿಂದು ಸಾಕಾಗೈತಿ."

ನನ್ನ ಮುಖ ನೋಡಿದರು. ಕೈ ತೊಳೆದು ಬಂದು, ಗೋಡೆಗೆ ಒರಗಿ ಕೂತು, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ದನಿ ಒರಟಾಗಿದೆ, ಮೇಲೆ ಏರುವುದಿಲ್ಲ. ಆದರೂ ಅವರದೇ. 'ಕೂಗಿಲ್ಲ' ಎನ್ನುವಲ್ಲಿ, ಕೇಳಿ, ಆ ಬಟ್ಟೆ ಒಣಹಾಕಿದ ಹುಡುಗಿಯ ಹಾಗೆಯೇ ದನಿ ತೂಗಿ ಇಳಿಸಿದರು. ಇವರೂ ಕದ್ದು ಕೇಳುತ್ತಿದ್ದರೆಂದು ಆಗ ತಿಳಿಯಿತು. ತಮ್ಮ ಹಾಡಿಗೆ ತಾವೇ ಒಂದು ಕವರ್. ಅಲ್ಲಿಂದ ಓಡಿದರು, ಮದ್ರಾಸ್ ಗಾಡಿ ಇನ್ನೂ ಬೆನ್ನಟ್ಟಿದೆ ಎಂಬಂತೆ.

"ಹೆಂಗಾತು?" ಎಂದರು.

"ಕಡೀದು ಕೆಟ್ಟಿತ್ರಿ" ಎಂದೆ.

"ಏನು ಕೆಡೋದು? ಕ್ಯಾಸೆಟ್ಟಿನ್ಯಾಗೂ ಹಂಗೇ ಐತಿ."

"ಕ್ಯಾಸೆಟ್ಟಿನ್ಯಾಗ ಗಾಡಿ ಬರಾಕತ್ತಿತ್ತು."

ಗೋಡೆ ಬಿಟ್ಟು ಮುಂದೆ ಬಾಗಿದರು. ಅಂಗಡಿಗೆ ಬಂದ ಮೋಟಾರಿನ ಬಗ್ಗೆ ರೈತನನ್ನು ಕೇಳುವ ದನಿಯಲ್ಲಿ ಕೇಳಿದರು, "ಅದಕ್ಕಿಂತ ಮೊದಲ ಹೆಂಗಿತ್ತು?"

ಅವರಿಗೆ ನಿಜವಾಗಿ ನೆನಪಿರಲಿಲ್ಲ. ನಾನೇ ಹಾಡಿದೆ. ನನ್ನದು ಭಜನೆಯಲ್ಲಿ ಹಿಂದಿನ ಸಾಲಿನವರ ದನಿ, ಒಂಟಿಯಾಗಿ ಎಂದೂ ನಿಂತದ್ದಲ್ಲ. ಕೆರಿ ದಂಡಿಗಿ ಬಂದು ಕುಂತೀನಿ. ನಿನ್ನ ಹೆಸರ ಕೂಗಿಲ್ಲ ನಾ. ಅಲ್ಲಿ ನಿಲ್ಲಿಸಿದೆ. ಅವರು ಮುಗಿಯಿತೆಂದು ತಿಳಿದು ಏನೋ ಅನ್ನಲು ಹೋದರು, ಕೈ ಎತ್ತಿ ತಡೆದೆ. ಒಂದು ಹಿಡಿ ಜೋಳ ಹಸನಾಗುವಷ್ಟು ಹೊತ್ತು ಕಳೆಯಲು ಬಿಟ್ಟು ಮುಂದಿನ ಸಾಲು ಅಂದೆ.

"ಇಷ್ಟು ಸಾವಕಾಶ ಹಾಡ್ತಿದ್ನೇನು ನಾ?" ಎಂದರು. "ಯಾರು ಕುಂತು ಕೇಳ್ತಿದ್ರು ಅಷ್ಟೊತ್ತು?"

"ನಾ ಕೇಳ್ತಿದ್ದೆ."

ಕರೆಂಟು ಬಂತು. ಅಂಗಡಿಯಲ್ಲಿ ಎರಡು ಪಂಪು ಕಾಯುತ್ತಿದ್ದವು, ಚಪ್ಪಲಿ ಮೆಟ್ಟಿ ಹೊರಟರು. ನಾನು ತಟ್ಟೆ ಎತ್ತದೆ ಬಾಗಿಲಲ್ಲಿ ನಿಂತೆ. ಓಣಿಯಲ್ಲಿ ಹೋಗುತ್ತಾ ತಮ್ಮಷ್ಟಕ್ಕೆ ತಾವೇ ಗುನುಗುತ್ತಿದ್ದರು. ಕಡೆಯ ನುಡಿಗೆ ಬಂದಾಗ ಮತ್ತೆ ಓಡಿಸಿದರು. ತಡೆದು ನಿಂತರು. ನುಡಿಯನ್ನು ಮೊದಲಿನಿಂದ ಹಿಡಿದರು.