ಎರಡು ಪೆಟಿಗಿ ಮತ್ತು ಶಿವಪ್ಪನ ದನಿ

ಹೊಸ ರೆಕ್ಸಿನ್ನಿಗೆ ಒಂದು ವಾಸನೆಯಿದೆ. ಹೊಸ ಸೈಕಲ್ಲಿನ ಸೀಟಿಗೆ, ಮದುವೆಗೆಂದು ಕೊಂಡ ಸೂಟ್‌ಕೇಸಿಗೆ ಇರುವಂಥದ್ದೇ ವಾಸನೆ. ಹೋದ ವಾರ ಗದಗಿನ ಒಂದು ವಾದ್ಯದ ಅಂಗಡಿಯಲ್ಲಿ ಎರಡು ಗಿಟಾರ್ ಆಂಪ್ಲಿಫೈಯರುಗಳನ್ನು ಪ್ಲಾಸ್ಟಿಕ್ ಬಿಚ್ಚಿ ನನ್ನ ಮುಂದೆ ಇಟ್ಟಾಗ ಅದು ಗಪ್ಪನೆ ಮೂಗಿಗೆ ಬಡಿಯಿತು. ಒಂದು ದೊಡ್ಡದು, ಒಂದು ಸಣ್ಣದು. "ಯಾವುದು ಕೊಡ್ಲಿರಿ ಸರ?" ಎಂದು ಅಂಗಡಿಯವರು ಕೇಳಿದರು. "ಸ್ವಲ್ಪ ತಡೀರಿ, ಇನ್ನೊಬ್ರು ಬರೂದೈತಿ" ಎಂದು ಹೇಳಿ ಸ್ಟೂಲೊಂದನ್ನು ಎಳೆದುಕೊಂಡು ಕುಳಿತೆ. ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ ಮನುಷ್ಯ ಇಂಥ ಅಂಗಡಿಯಲ್ಲಿ ಕುಳಿತರೆ ಮಗನಿಗೆ ಏನೋ ಕೊಡಿಸಲು ಬಂದಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ. ತಿಳಿಯಲಿ ಎಂದು ನಾನೂ ಗಂಭೀರವಾಗಿ ಕುಳಿತಿದ್ದೆ.

ಆದರೆ ಕಾಲಬುಡದಲ್ಲಿ ಒರಗಿಸಿಟ್ಟಿದ್ದ ಗಿಟಾರು ನನ್ನದೇ. ಬಾರಿಸದೆ ವರ್ಷಗಟ್ಟಲೆಯಾಗಿ, ಅಟ್ಟದ ಮೇಲೆ ದೂಳು ತಿನ್ನುತ್ತಿದ್ದ ಅದನ್ನು ಕೆಳಗಿಳಿಸಿದ್ದು ದಸ್ತಗೀರನ ಹಟದಿಂದ. ಬೆಟಗೇರಿಯಲ್ಲಿ ಟೇಲರ್ ಅಂಗಡಿ ಇಟ್ಟಿರುವ ದಸ್ತಗೀರ ನನ್ನ ಹಳೆಯ ಗೆಳೆಯ. ಒಂದು ಕಾಲಕ್ಕೆ ನಮ್ಮ ಆರ್ಕೆಸ್ಟ್ರಾ ಪಾರ್ಟಿಯ ಡ್ರಮ್ಮು, ಯಜಮಾನಿಕೆ, ಜಗಳ ಮೂರೂ ಅವನ ಪಾಲಿಗಿದ್ದವು. ಈಗ ಅವನ ಮಗಳ ಮದುವೆ ಲಕ್ಷ್ಮೇಶ್ವರದಲ್ಲಿ ನಿಶ್ಚಯವಾಗಿದೆ. "ಡಿಜೆ ಗಿಜೆ ಏನೂ ಬ್ಯಾಡ. ನಮ್ಮ ಪಾರ್ಟಿನ ಹಾಡಬೇಕು. ನೀ, ನಾ, ಶಿವಪ್ಪ" ಎಂದು ಕಟ್ಟಪ್ಪಣೆ ಮಾಡಿದ. ಗಿಟಾರಿಗೆ ಹೊಸ ತಂತಿ ಹಾಕಿಸಬಹುದು, ಅದು ನನಗೆ ಚಿಂತೆಯಾಗಲಿಲ್ಲ. ಶಿವಪ್ಪನದೇ ಚಿಂತೆ. ಅವನು ಹಾಡು ನಿಲ್ಲಿಸಿ ಬಹಳ ಕಾಲವಾಗಿತ್ತು. ಫೋನು ಮಾಡಿದರೆ, "ಪೆಟಿಗಿ ಆರಿಸಾಕ ಬರ್ತೀನಿ. ಹಾಡೂದು ಆಮ್ಯಾಲ ನೋಡೂಣು" ಎಂದಿದ್ದ.

ಪೆಟಿಗಿ ಎಂದರೆ ಇದೇ ಆಂಪ್ಲಿಫೈಯರು. ಕರೆಂಟಿನ ಗಿಟಾರಿಗೆ ಸ್ವಂತ ದನಿ ಎಂಬುದು ಇರುವುದಿಲ್ಲ. ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು, ಅಷ್ಟೇ. ಅದನ್ನು ಹಿಗ್ಗಿಸಿ ಮಂದಿಯ ಕಿವಿಗೆ ಮುಟ್ಟಿಸುವ, ಹೊಟ್ಟೆಯಲ್ಲಿ ಸ್ಪೀಕರ್ ಇರುವ ಪೆಟ್ಟಿಗೆಗೆ ನಾವು ಪೆಟಿಗಿ ಎಂದೇ ಹೆಸರಿಟ್ಟಿದ್ದೆವು. ನಮ್ಮ ಆಯಿ, ಎಂದರೆ ಅಜ್ಜಿಯಂತೂ, ಗಿಟಾರನ್ನು ಕೊನೆಯವರೆಗೂ ತಂಬೂರಿ ಎಂದೇ ಕರೆದಳು. "ಇಷ್ಟ ದೊಡ್ಡ ತಂಬೂರಿ ಇಟ್ಕೊಂಡು ಒಂದ ಭಜನಿ ಪದ ಬಾರ್ಸಾಕ ಬರಂಗಿಲ್ಲಲ್ಲೋ ನಿನಗ" ಎಂದು ಅವಳ ದೂರು. ಖರೆ ಹೇಳಬೇಕೆಂದರೆ ಬರುತ್ತಿರಲಿಲ್ಲ. ನಮ್ಮದು ಸಿನಿಮಾ ಹಾಡುಗಳ ಪಾರ್ಟಿ. ನಮ್ಮದೇ ಎಂದು ಹೇಳಿಕೊಳ್ಳುವ ಒಂದೇ ಒಂದು ಹಾಡೂ ನಮ್ಮ ಬಳಿ ಇರಲಿಲ್ಲ. ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ಕೇಳಿ, ಅದರಲ್ಲಿದ್ದದ್ದನ್ನು ಇದ್ದ ಹಾಗೆಯೇ ಮದುವೆಮನೆಯ ಮಂದಿಗೆ ಒಪ್ಪಿಸುವುದು ನಮ್ಮ ಕಲೆ. ನಡುವೆ ಕೆಮ್ಮು ಬಂದರೆ ಮಾತ್ರ ಅದು ನಮ್ಮ ಸ್ವಂತದ್ದು.

ಸಿನಿಮಾ ಹಾಡೆಂದರೆ ಗಂಡು ಒಂದು ಸಾಲು, ಹೆಣ್ಣು ಒಂದು ಸಾಲು. ಗಂಡಿನ ಸಾಲಿಗೆ ದಸ್ತಗೀರನಿದ್ದ. ನಮಗೆ ಮೈಕಿರಲಿಲ್ಲ, ಡ್ರಮ್ಮು ಬಡಿಯುತ್ತಲೇ ಗಟ್ಟಿಯಾಗಿ ಹಾಡುತ್ತಿದ್ದ. ಹೆಣ್ಣಿನ ಸಾಲಿಗೆ ಯಾರು? ಆಗ ನಮ್ಮ ಕಡೆ ಯಾವ ಮನೆಯವರೂ ಹೆಣ್ಣುಮಕ್ಕಳನ್ನು ನಮ್ಮಂಥವರ ಜೊತೆ ಊರೂರು ಸುತ್ತಲು ಕಳಿಸುತ್ತಿರಲಿಲ್ಲ. ನಮ್ಮನ್ನು ನೋಡಿದರೆ ನಾನಾದರೂ ಕಳಿಸುತ್ತಿರಲಿಲ್ಲ. ಆ ಕೊರತೆ ತುಂಬಿದವನು ಮಲ್ಲಸಮುದ್ರದ ಶಿವಪ್ಪ. ಅವರ ಮನೆಯದು ಹಿಟ್ಟಿನ ಗಿರಣಿ. ದಿನವೆಲ್ಲ ಗಿರಣಿಯ ಗದ್ದಲದಲ್ಲಿ ನಿಂತು ಹಾಡಿಕೊಳ್ಳುತ್ತಿದ್ದವನಿಗೆ ಮೇಲಿನ ದನಿಯೊಂದೇ ತನ್ನ ಕಿವಿಗೆ ಕೇಳಿಸುತ್ತಿತ್ತಂತೆ. ಹಾಗಾಗಿ ಮೇಲೆ ಮೇಲೆಯೇ ಹಾಡುವುದು ರೂಢಿಯಾಯಿತಂತೆ. ಮೀಸೆ ಹೊತ್ತ, ಎತ್ತರದ ಆಳು. ಆದರೆ ಕಣ್ಣು ಮುಚ್ಚಿ ಕೇಳಿದರೆ, ತೆಳ್ಳಗೆ, ಮೆತ್ತಗೆ, ನೀರಿನ ಹಾಗೆ ಹರಿಯುವ ಹೆಣ್ಣುದನಿ.

ಒಮ್ಮೆ ಕುರ್ತಕೋಟಿಯ ಮದುವೆಯಲ್ಲಿ ಒಂದು ಮಜಾ ನಡೆಯಿತು. ಹೆಂಗಸರು ಕುಳಿತಿದ್ದದ್ದು ಒಳಗಿನ ಪಡಸಾಲೆಯಲ್ಲಿ, ಅವರಿಗೆ ಹಾಡು ಕೇಳುತ್ತಿತ್ತೇ ಹೊರತು ಹಾಡುವವರು ಕಾಣುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಮದುಮಗಳ ಸೋದರತ್ತೆ ತಟ್ಟೆಯಲ್ಲಿ ಖಣ, ಕುಂಕುಮ, ಕೊಬ್ಬರಿ ಬಟ್ಟಲು ಇಟ್ಟುಕೊಂಡು ಹೊರಗೆ ಬಂದರು. "ಹಾಡಿದಾಕಿ ಎಲ್ಲೆದಾಳ್ರಿ? ಮನಿಗೆ ಬಂದ ಹೆಣ್ಣಮಗಳಿಗೆ ಉಡಿ ತುಂಬೇ ಕಳಸಬೇಕು" ಎಂದರು. ದಸ್ತಗೀರ ಶಿವಪ್ಪನನ್ನು ಮುಂದೆ ದೂಡಿದ. ಆ ತಾಯಿ ಅವನ ಮೀಸೆಯನ್ನು ನೋಡಿದರು, ತಟ್ಟೆಯನ್ನು ನೋಡಿದರು. "ತಂದದ್ದು ಹೊಳ್ಳಿ ಒಯ್ಯಬಾರದು. ತಗೋ ತಮ್ಮಾ, ನಿಮ್ಮವ್ವಗ ಕೊಡು" ಎಂದರು. ಶಿವಪ್ಪ ಅಂಗಿಯ ತುದಿಯನ್ನೇ ಉಡಿಯಂತೆ ಒಡ್ಡಿ ತೆಗೆದುಕೊಂಡ. ನಾವು ನಕ್ಕೆವು, ಅವನು ನಗಲಿಲ್ಲ. ಪಾರ್ಟಿಯಲ್ಲಿ ನಮ್ಮಿಬ್ಬರಿಗೂ ಅಂಥ ಮರ್ಯಾದೆ ಯಾವ ಊರಲ್ಲೂ ಸಿಗಲಿಲ್ಲ.

ಆವರೆಗೆ ನನ್ನ ಗಿಟಾರು ಹಾಡುತ್ತಿದ್ದದ್ದು ಹಳೆಯ ರೇಡಿಯೋ ಒಂದರ ಹೊಟ್ಟೆಯೊಳಗಿಂದ. ಅದು ಒಂದು ದಿನ ಹೊಗೆ ಬಿಟ್ಟು ಸುಮ್ಮನಾಯಿತು. ಹುಬ್ಬಳ್ಳಿಯ ಅಂಗಡಿಯವರು ನಮ್ಮ ಕಾಕಾನ ಮಾತಿನ ಮೇಲೆ ಎರಡು ಪೆಟಿಗಿ ಕೊಟ್ಟು, "ಎರಡೂ ಒಯ್ದು ಬಾರ್ಸಿ ನೋಡ್ರಿ. ಬ್ಯಾಡಾದ್ದು ತಂದ ಕೊಡ್ರಿ" ಎಂದರು. ಕಾಕಾ ಗದಗಿನಲ್ಲಿ ಹತ್ತಿ ವ್ಯಾಪಾರಿ. ನಮ್ಮ ತಾಲೀಮು ನಡೆಯುತ್ತಿದ್ದದ್ದು ಅವರ ಗೋದಾಮಿನಲ್ಲಿ. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಗಳು ನಾಲ್ಕೂ ಕಡೆ ತೊಲೆ ಮುಟ್ಟುವಂತೆ ಪೇರಿಸಿರುತ್ತಿದ್ದವು. ನಡುವೆ ಬಾವಿಯಷ್ಟು ಜಾಗ, ಅದರಲ್ಲಿ ನಾವು. ಅಲ್ಲಿ ಎಷ್ಟು ಬಡಿದರೂ ನೆರೆಯವರಿಗೆ ಕೇಳದು ಎಂಬುದು ಕಾಕಾನಿಗೂ ನೆರೆಯವರಿಗೂ ಬಹಳ ಹಿಡಿಸಿತ್ತು.

ಭಾನುವಾರ ಮಧ್ಯಾಹ್ನ ಅಲ್ಲಿಯೇ ಪರೀಕ್ಷೆ. ಮೊದಲು ಸಣ್ಣದಕ್ಕೆ ಗಿಟಾರು ಜೋಡಿಸಿದೆ. ಉಸಿರೇ ಇಲ್ಲ, ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಆಮೇಲೆ ದೊಡ್ಡದು. ಏನು ದುಂಡನೆಯ ನಾದ, ಏನು ಗಾಂಭೀರ್ಯ. ಶಿವಪ್ಪ ಹಾಡಿದ, ಅವನ ದನಿ ಗಿಟಾರಿನ ಮೇಲೆ ಹಾಲಿನ ಕೆನೆಯಂತೆ ತೇಲಿತು. ಕಾಕಾ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡುವ ಗತ್ತಿನಲ್ಲೇ ಕೇಳಿ, "ಸಣ್ಣದರಾಗ ದಮ್ ಇಲ್ಲ. ದೊಡ್ಡದ ಇರಲಿ" ಎಂದು ತೀರ್ಪು ಕೊಟ್ಟರು. ಸಣ್ಣದನ್ನು ಹುಬ್ಬಳ್ಳಿಗೆ ಒಯ್ದು ಒಪ್ಪಿಸಿದೆವು. ಎರಡನ್ನೂ ತೂಗಿ ನೋಡಿ ಆರಿಸಿದ ಜಾಣರು ನಾವೆಂದು ನಮಗೆ ಬಹಳ ಹೆಮ್ಮೆಯಾಗಿತ್ತು.

ದೊಡ್ಡ ಪೆಟಿಗಿಯ ಮೊದಲ ಕಾರ್ಯಕ್ರಮ ಮುಂಡರಗಿಯಲ್ಲಿ. ಮೇಲೆ ತಗಡು, ಕೆಳಗೆ ನುಣುಪಾದ ಪರಸಿ ಕಲ್ಲು ಹಾಸಿದ ಮದುವೆ ಮಂಟಪ. ನಾನು ಮೊದಲ ತಂತಿ ಮೀಟಿದ ಕೂಡಲೇ ತಗಡು ಗಡಗಡ ಎಂದಿತು. ಊಟದ ಪಂಕ್ತಿಯವರು ತಲೆಯೆತ್ತಿ ನೋಡಿದರು. ಸದ್ದು ಕಡಿಮೆ ಮಾಡಬಾರದಿತ್ತೇ ಎಂದು ನೀವು ಕೇಳುತ್ತೀರಿ. ಕಡಿಮೆ ಮಾಡಿದರೆ ಅದು ಪೂರ್ತಿ ಬಾಯಿ ಮುಚ್ಚುತ್ತಿತ್ತು, ಬಿಟ್ಟರೆ ಗುಡುಗುತ್ತಿತ್ತು. ನಡುವಿನ ದಾರಿ ಅದಕ್ಕೆ ಗೊತ್ತೇ ಇರಲಿಲ್ಲ. ದಸ್ತಗೀರ ಹೇಗೋ ಕಿರುಚಿ ತನ್ನ ಸಾಲು ದಾಟಿಸಿದ. ಶಿವಪ್ಪನ ಸಾಲು ಬಂದಾಗ ಅವನ ಬಾಯಿ ಆಡುತ್ತಿತ್ತು, ದನಿ ಎಲ್ಲಿಯೂ ಇರಲಿಲ್ಲ. ಮುಂದೆ ಕುಳಿತಿದ್ದ ಒಬ್ಬ ಅಜ್ಜಿ ಪಕ್ಕದವಳಿಗೆ, "ಆ ತಮ್ಮ ಬರೇ ಬಾಯಿ ತಗದು ಮುಚ್ಚಾಕತ್ತಾನಲ್ಲ, ಹಲ್ಲು ನೋಯಾಕತ್ತಾವೇನ ಪಾಪ?" ಎಂದಳು. ಅವಳ ಮಾತು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು.

ಹೊರಗೆ ಬಂದ ಮೇಲೆ ದಸ್ತಗೀರ ನನ್ನನ್ನು ಬದಿಗೆ ಕರೆದ. ಸಣ್ಣ ಪೆಟಿಗಿ ಆಗಲೇ ಬೇರೆಯವರ ಪಾಲಾಗಿತ್ತು, ಬಳಸಿದ ದೊಡ್ಡದನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವವರಲ್ಲ. "ಹುಬ್ಬಳ್ಳಿಯೊಳಗ ಒಬ್ಬಾಕಿ ಹಾಡಾಕಿ ಅದಾಳಂತ, ಗಟ್ಟಿ ದನಿ. ಮಾತಾಡಿ ನೋಡೂಣೇನು?" ಎಂದ. ಪಿಸುಗುಟ್ಟುವುದು ದಸ್ತಗೀರನಿಗೆ ಎಂದೂ ಬಂದಿಲ್ಲ. ಆಚೆ ಕುಳಿತು ವೈರು ಸುತ್ತುತ್ತಿದ್ದ ಶಿವಪ್ಪ ತಲೆಯೆತ್ತದೆ, "ಕರೀರಿ. ನಾ ವೈರ್ ಸುತ್ತಾಕರ ಬರ್ತೀನಿ" ಎಂದ. ಹಾಡಿಲ್ಲದಿದ್ದರೆ ಅವನಿಗೆ ಉಳಿಯುವುದು ಗಿರಣಿಯ ಗದ್ದಲ ಒಂದೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಗದಗಿಗೆ ಹೊರಟ ಬಸ್ಸಿನಲ್ಲಿ ಪೆಟಿಗಿಗೂ ಟಿಕೀಟು ತೆಗೆಯಬೇಕೆಂದು ಕಂಡಕ್ಟರು ಜಗಳ ತೆಗೆದಾಗ, ಎಂದೂ ಸೋಲದ ದಸ್ತಗೀರ ಅವತ್ತು ತಕರಾರಿಲ್ಲದೆ ಟಿಕೀಟು ತೆಗೆದ.

ಮುಂದಿನ ಕಾರ್ಯಕ್ರಮ ಶಿರಹಟ್ಟಿಯಲ್ಲಿ ಮೊದಲೇ ಒಪ್ಪಿದ್ದರಿಂದ ಶಿವಪ್ಪ ಬಂದ. ಇದೇ ಕಡೆಯದು ಎಂಬಂತೆ ಬಂದ. ಮದುವೆಮನೆಯವರು ನಮಗೆ ಬಿಟ್ಟುಕೊಟ್ಟ ಕಟ್ಟೆಯ ಮೇಲೆ ಬೀಗರಿಗೆಂದು ಬಾಡಿಗೆಗೆ ತಂದ ಹತ್ತಿಯ ಗಾದಿಗಳನ್ನು ಒಟ್ಟಿದ್ದರು. ಕಾಲಿಡಲು ಜಾಗವಿಲ್ಲ. ದಸ್ತಗೀರ ಸಿಟ್ಟಿನಲ್ಲಿ ಪೆಟಿಗಿಯನ್ನು ಎತ್ತಿ ಎರಡು ಗಾದಿಯ ರಾಶಿಗಳ ಸಂದಿಗೆ ತುರುಕಿದ. ಜಾರಿಬಿದ್ದ ಒಂದು ಗಾದಿ ಅದರ ಮೇಲೆಯೇ ಕುಳಿತಿತು. ಯಾರೂ ತೆಗೆಯಲಿಲ್ಲ. ಹಾಡು ಶುರುವಾಯಿತು. ಹೆಣ್ಣಿನ ಸಾಲು ಬಂದಾಗ ಸಾಯಂಕಾಲದ ಆ ಅಂಗಳದ ತುಂಬ ಶಿವಪ್ಪನ ದನಿ ಹರಡಿತು. ತನ್ನ ದನಿ ತನಗೇ ಕೇಳಿ ಅವನು ಬೆಚ್ಚಿದ. ಅಡುಗೆಯ ಹೆಂಗಸರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ದಸ್ತಗೀರ ಡ್ರಮ್ಮು ಬಡಿಯುತ್ತಲೇ ಗಾದಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಹಾಡು ಮುಗಿದ ಕೂಡಲೇ, "ಲೇ, ನಾವು ಪೆಟಿಗಿ ಪರೀಕ್ಷಾ ಮಾಡಿದ್ದು ಹತ್ತಿಯೊಳಗಲೇ" ಎಂದ. ಹತ್ತಿಯ ಊರಿನವರು, ಹತ್ತಿ ಸದ್ದು ನುಂಗುತ್ತದೆ ಎಂಬುದನ್ನು ಅಲ್ಲಿಗೆ ಹೋಗಿ ಕಲಿತೆವು.

ಅಂದಿನಿಂದ ನಮ್ಮ ಕರಾರು ಬದಲಾಯಿತು. ಕಾರ್ಯಕ್ರಮ ಒಪ್ಪುವಾಗ ದಸ್ತಗೀರ, "ಊಟ ಹಿಂದ ಮುಂದ ಆದ್ರ ನಡೀತೈತ್ರಿ, ಗಾದಿ ಮಾತ್ರ ಬೇಕ" ಎನ್ನುತ್ತಿದ್ದ. ಇವರು ಹಾಡಲು ಬರುತ್ತಾರೋ ಮಲಗಲು ಬರುತ್ತಾರೋ ಎಂದು ಜನ ಆಡಿಕೊಂಡು, ನಮಗೆ ಗಾದಿ ಪಾರ್ಟಿ ಎಂಬ ಹೆಸರೇ ಬಿತ್ತು. ಜ್ವರ ಬಂದವರ ಹಾಗೆ ಹೊದ್ದು ಕುಳಿತ ಪೆಟಿಗಿಯ ಪಕ್ಕದಲ್ಲಿ ಶಿವಪ್ಪ ಹಾಡುತ್ತಿದ್ದ. ಹುಬ್ಬಳ್ಳಿಯ ಗಟ್ಟಿ ದನಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆಮೇಲೆ ಎಲ್ಲರ ಕಥೆಯಂತೆ ನಮ್ಮದೂ ಆಯಿತು: ಸಂಸಾರ, ಅಂಗಡಿ, ಕಡೆಗೆ ಡಿಜೆ ಗಾಡಿ.

ಸ್ಟೂಲಿನ ಮೇಲೆ ಕುಳಿತು ಇದನ್ನೆಲ್ಲ ನೆನೆಯುತ್ತಿದ್ದಾಗ ಶಿವಪ್ಪ ಗದಗಿನ ಆ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಮೀಸೆ ಪೂರ್ತಿ ಬಿಳಿ. ಎರಡೂ ಪೆಟಿಗಿಯ ಮೇಲೆ ಕೈಯಾಡಿಸಿ, "ದೊಡ್ಡದ ತಗೋ" ಎಂದ. ನಾನು ಅವನ ಮುಖ ನೋಡಿದೆ.

"ದೊಡ್ಡದು ತಗೊಂಡು ಜೋರ ಬಾರ್ಸು. ನನ್ನ ದನಿ ಒಡದೈತಿ. ಮ್ಯಾಲ ಹೋಗಂಗಿಲ್ಲ. ದಸ್ತಗೀರನ ಮಗಳ ಮದುವಿ, ಬರಂಗಿಲ್ಲ ಅನ್ನಾಕ ಬಾಯಿ ಬರವಲ್ದು. ನಿಂತು ಬಾಯಿ ಆಡಸ್ತೀನಿ. ಯಾರಿಗೂ ಗೊತ್ತಾಗಬಾರದು."

ನಾನು ಗಿಟಾರಿನ ವೈರನ್ನು ಸಣ್ಣ ಪೆಟಿಗಿಗೆ ಚುಚ್ಚಿ, ನಮ್ಮ ಹಳೆಯ ಹಾಡೊಂದನ್ನು ಮೆಲ್ಲಗೆ ಹಿಡಿದೆ. ಅವನು ಬೇಡ ಬೇಡವೆನ್ನುತ್ತಲೇ ಮೊದಲ ಸಾಲು ಎತ್ತಿದ. ಎತ್ತರಕ್ಕೆ ಹೋಗುತ್ತಲೇ ದನಿ ಒಡೆಯಿತು. ಅಂಗಡಿಯವರು ಮರ್ಯಾದಸ್ಥರು, ಆಚೆ ತಿರುಗಿ ಏನೋ ಹುಡುಕತೊಡಗಿದರು.

"ನೋಡಿದೇನು" ಎಂದ ಶಿವಪ್ಪ.

"ಶ್ರುತಿ ಕೆಳಗ ಹಿಡೀತೀನಿ. ನಿನಗ ಎಷ್ಟ ಕೆಳಗ ಬೇಕೋ ಅಷ್ಟ."

"ಅಲ್ಲಿ ಹಾಡಿದ್ರ ಹೆಣ್ಣದನಿ ಬರಂಗಿಲ್ಲೋ."

"ಬರದಿದ್ರ ಬ್ಯಾಡ."

ಅದೇ ಹಾಡನ್ನು ಬಹಳ ಕೆಳಗಿನಿಂದ ಹಿಡಿದೆ. ಅವನು ನೆಲ ನೋಡುತ್ತ ಹಾಡಿದ. ದಪ್ಪನೆಯ, ಸ್ವಲ್ಪ ಮರಳು ಬೆರೆತಂಥ ಗಂಡುದನಿ. ಯಾರದಿದು ಎಂದುಕೊಂಡೆ. ಅಷ್ಟು ವರ್ಷ ಒಂದೇ ಕಟ್ಟೆಯ ಮೇಲೆ ಪಕ್ಕಪಕ್ಕದಲ್ಲಿ ನಿಂತಿದ್ದೆವು, ಶಿವಪ್ಪನ ಸ್ವಂತ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕೆಂದು ನಮಗೂ ಅನಿಸಿರಲಿಲ್ಲ, ಕೇಳಿಸಬೇಕೆಂದು ಅವನಿಗೂ ಅನಿಸಿರಲಿಲ್ಲ. ಗೊತ್ತಿಲ್ಲದೆ ನನ್ನ ಕೈ ನಿಂತಿತು.

"ಯಾಕ ನಿಲ್ಸಿದಿ? ಬಾರ್ಸು" ಎಂದ.

"ತಡಿ, ಮೊದಲ ಕೇಳ್ತೀನಿ" ಎಂದೆ.

ಅವನು ಮುಂದುವರಿಸಿದ. ನಾನು ಗಿಟಾರನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡು ಹಾಡು ಮುಗಿಯುವವರೆಗೆ ಕೇಳಿದೆ. ಆಮೇಲೆ ಅಂಗಡಿಯವರಿಗೆ ಸಣ್ಣದನ್ನು ಕಟ್ಟಿಕೊಡಲು ಹೇಳಿದೆ.